ಹೃದಯದ ಸ್ಕ್ಯಾನ್ ಮಾಡಿಸಿದರೆ ಶ್ವಾಸಕೋಶದಲ್ಲಿ ಗಂಟು ಅಂತ ಬಂತು, ಈಗೇನು ಮಾಡುವುದು?

ಗುಡ್ಡ ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ, ದಮ್ಮು ಬರುತ್ತದೆ ಅಂದರೆ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ನಮ್ಮ ಕಡೆ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಊರಿನ ಡಾಕ್ಟರ ಹತ್ತಿರ ಇಸಿಜಿ. ಆಮೇಲೆ ಎಕೋ (ಶಬ್ದದ ಅಲೆಗಳಿಂದ ಹೃದಯ ನೋಡುವುದು), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವುದು). ಅಷ್ಟಾದರೂ ಅನುಮಾನ ಉಳಿದರೆ ಸಿಟಿ ಆಂಜಿಯೋ, ಅಂದರೆ ಡೈ ಕೊಟ್ಟು ಹೃದಯದ ರಕ್ತನಾಳಗಳನ್ನು ಸಿಟಿ ಯಂತ್ರದಲ್ಲಿ ನೋಡುವುದು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲದವರು ಇದಕ್ಕೆ ಹೆಚ್ಚಾಗಿ ಹೋಗುವುದು ಮಂಗಳೂರಿಗೇ. "ಬ್ಲಾಕ್ ಏನೂ ಇಲ್ಲ, ಗಾಬರಿ ಬೇಡ" ಅಂತ ಡಾಕ್ಟರ್ ಹೇಳುತ್ತಾರೆ. ಎಲ್ಲರಿಗೂ ಹೋದ ಜೀವ ಬಂದ ಹಾಗಾಗುತ್ತದೆ. ಮನೆಗೆ ಬಂದ ಮೇಲೆ ಕಾಲೇಜಿಗೆ ಹೋಗುವ ಮಗಳು ವರದಿಯನ್ನು ಪೂರ್ತಿ ಓದುತ್ತಾಳೆ. ಎರಡನೇ ಪುಟದ ಕೆಳಗೆ ಒಂದು ಸಾಲು: ಬಲ ಶ್ವಾಸಕೋಶದ ಕೆಳಭಾಗದಲ್ಲಿ 5 ಮಿಲಿಮೀಟರ್ ನಾಡ್ಯೂಲ್. ನಾಡ್ಯೂಲ್ ಅಂದರೆ ಗಂಟು. ಗಂಟು ಅಂದ ಕೂಡಲೇ ಎಲ್ಲರ ಮನಸ್ಸಿಗೂ ಬರುವ ಕಾಯಿಲೆ ಒಂದೇ.

ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಮನೆಯವರಿಗಾಗಿ. ಇನ್ನೊಂದು ಮನೆಯೂ ಇದೆ. ಅಲ್ಲಿ ಆ ಸಾಲನ್ನು ಯಾರೂ ಓದುವುದೇ ಇಲ್ಲ. ವರದಿ ಹಾಗೇ ಕವರಿನೊಳಗೆ ಕಪಾಟು ಸೇರುತ್ತದೆ. ನನಗೆ ಜಾಸ್ತಿ ಚಿಂತೆ ಇರುವುದು ಈ ಎರಡನೇ ಮನೆಯ ಬಗ್ಗೆ.

ಹೃದಯ ನೋಡಲು ಹೋದವರಿಗೆ ಶ್ವಾಸಕೋಶ ಯಾಕೆ ಕಂಡಿತು?

ಹೃದಯ ಇರುವುದು ಎದೆಯ ನಡುವೆ. ಎರಡೂ ಪಕ್ಕದಲ್ಲಿ ಶ್ವಾಸಕೋಶ, ಹಿಂದೆ ಅನ್ನನಾಳ ಮತ್ತು ಬೆನ್ನುಮೂಳೆ, ಕೆಳಗೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ), ಅದರ ಕೆಳಗೆ ಲಿವರ್ ಮತ್ತು ಹೊಟ್ಟೆಯ ಮೇಲ್ಭಾಗ. ಸಿಟಿ ಯಂತ್ರ ಎಕ್ಸ್‌ರೇ ಕಿರಣಗಳನ್ನು ಎದೆಯ ಸುತ್ತ ತಿರುಗಿಸುತ್ತಾ ಹಾಯಿಸುತ್ತದೆ. ಆ ಕಿರಣ ಹೃದಯ ತಲುಪಬೇಕಾದರೆ ಉಳಿದದ್ದನ್ನೆಲ್ಲ ದಾಟಿಯೇ ಹೋಗಬೇಕು. ಹಾಗಾಗಿ ಉಸಿರ್ನಾಳ ಎರಡಾಗಿ ಕವಲೊಡೆಯುವ ಜಾಗದಿಂದ ವಪೆಯ ಸ್ವಲ್ಪ ಕೆಳಗಿನವರೆಗೆ ಇರುವುದೆಲ್ಲ ಅದರಲ್ಲಿ ಸೆರೆಯಾಗುತ್ತದೆ.

ಆಮೇಲೆ ಕಂಪ್ಯೂಟರಿನ ಕೆಲಸ. ಹೃದಯದ ಸಣ್ಣ ಸಣ್ಣ ರಕ್ತನಾಳಗಳು ಚೆನ್ನಾಗಿ ಕಾಣಬೇಕು ಅಂತ ಹೃದಯದ ಸುತ್ತಮುತ್ತಲಿನ ಸಣ್ಣ ಚೌಕಟ್ಟನ್ನು ಮಾತ್ರ ದೊಡ್ಡದು ಮಾಡಿ ಚಿತ್ರ ಕಟ್ಟುತ್ತಾರೆ. ಆದರೆ ಅದೇ ಮಾಹಿತಿಯಿಂದ ಎದೆಯ ಈ ಗೋಡೆಯಿಂದ ಆ ಗೋಡೆಯವರೆಗಿನ ಅಗಲ ಚಿತ್ರವನ್ನೂ ಕಟ್ಟಬಹುದು. ರೋಗಿ ಮತ್ತೆ ಯಂತ್ರದೊಳಗೆ ಹೋಗಬೇಕಾಗಿಲ್ಲ, ಕಿರಣವೂ ಹೆಚ್ಚು ಬೇಡ. ಈ ಅಗಲ ಚಿತ್ರವನ್ನು ನೋಡಬೇಕೋ ಬೇಡವೋ ಅಂತ ಡಾಕ್ಟರುಗಳ ನಡುವೆಯೇ ವರ್ಷಗಟ್ಟಲೆ ಚರ್ಚೆ ನಡೆದಿದೆ. ನೋಡಿದರೆ ಏನಾದರೊಂದು ಸಿಗುತ್ತದೆ, ಸುಮ್ನೆ ಭಯ, ಖರ್ಚು ಅನ್ನುವುದು ಒಂದು ವಾದ. ಕಣ್ಣ ಮುಂದೆ ಇರುವುದನ್ನು ನೋಡದೆ ಬಿಡುವುದು ಸರಿಯಲ್ಲ ಅನ್ನುವುದು ಇನ್ನೊಂದು. ಈಗ ಹೆಚ್ಚಿನ ರೇಡಿಯಾಲಜಿಸ್ಟರು, ಅಂದರೆ ಸ್ಕ್ಯಾನ್ ಚಿತ್ರ ನೋಡಿ ವರದಿ ಬರೆಯುವ ಡಾಕ್ಟರುಗಳು, ಎರಡನೆಯದನ್ನೇ ಒಪ್ಪುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ. ಆದರೆ ಕಂಡದ್ದನ್ನು ಬರೆದರೆ ಸಾಲದು. ಅದರಿಂದ ಏನು ಮಾಡಬೇಕು ಅನ್ನುವುದನ್ನೂ ಅದೇ ಜಾಗದಲ್ಲಿ ಬರೆಯಬೇಕು.

ಎಷ್ಟು ಜನರಿಗೆ ಹೀಗೆ ಏನಾದರೂ ಕಾಣುತ್ತದೆ? ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರ ಲೆಕ್ಕದ ಪ್ರಕಾರ, ಹೃದಯದ ಸಿಟಿ ಮಾಡಿಸಿಕೊಂಡ 100 ಜನರಲ್ಲಿ ಸುಮಾರು 40 ಮಂದಿಯ ವರದಿಯಲ್ಲಿ ಹೃದಯದ ಹೊರಗಿನ ಏನಾದರೊಂದು ಇರುತ್ತದೆ. ಮುಂದೆ ಏನಾದರೂ ಮಾಡಬೇಕಾಗುವುದು ಸುಮಾರು 13ರಿಂದ 16 ಮಂದಿಗೆ. ಕ್ಯಾನ್ಸರ್ ಅಂತ ಕೊನೆಗೆ ಗೊತ್ತಾಗುವುದು 100ರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತಲೂ ಕಡಿಮೆ. ವಯಸ್ಸು, ಬೀಡಿ ಸಿಗರೇಟಿನ ಅಭ್ಯಾಸ ನೋಡಿಕೊಂಡು ಈ ಲೆಕ್ಕ ಆಚೀಚೆ ಆಗುತ್ತದೆ. ಆದರೂ ಆ ರಾತ್ರಿ ನಿದ್ದೆಗೆಟ್ಟವರಿಗೆ ಮೊದಲು ಹೇಳಬೇಕಾದ ಮಾತು ಇದೇ. ಒಂದು ಸಾಲು ಕಂಡಿತು ಅಂದರೆ ಕಾಯಿಲೆ ಬಂತು ಅಂತ ಅರ್ಥ ಅಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಹೃದಯದ ಸಿಟಿಯಲ್ಲಿ ಶ್ವಾಸಕೋಶದ ತುದಿ, ಅಂದರೆ ಭುಜದ ಎಲುಬಿನ ಹತ್ತಿರದ ಮೇಲ್ಭಾಗ, ಸಾಮಾನ್ಯವಾಗಿ ಬರುವುದೇ ಇಲ್ಲ. ಕ್ಷಯದ ಕಲೆ ಹೆಚ್ಚಾಗಿ ಉಳಿಯುವುದು ಅಲ್ಲೇ. ಧೂಮಪಾನ ಮಾಡುವವರ ಕ್ಯಾನ್ಸರ್ ಕೂಡ ಮೇಲ್ಭಾಗದಲ್ಲೇ ಜಾಸ್ತಿ. ಹಾಗಾಗಿ "ಹಾರ್ಟ್ ಸ್ಕ್ಯಾನ್ ಆಯ್ತಲ್ಲ, ಶ್ವಾಸಕೋಶವೂ ಸರಿ ಇದೆಯಂತೆ" ಅಂತ ವರ್ಷಗಟ್ಟಲೆ ಬೀಡಿ ಸೇದಿದವರು ನೆಮ್ಮದಿಯಿಂದ ಇರುವ ಹಾಗಿಲ್ಲ. ಅದು ಅರ್ಧ ಚಿತ್ರ ಮಾತ್ರ.

ಆ 5 ಮಿಲಿಮೀಟರ್ ಗಂಟು

ಹೃದಯದ ಹೊರಗೆ ಕಾಣುವವುಗಳಲ್ಲಿ ಅತಿ ಹೆಚ್ಚು ಕಾಣುವುದೂ, ಅತಿ ಹೆಚ್ಚು ಹೆದರಿಸುವುದೂ ಇದೇ. ಹಾಗಾಗಿ ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡೋಣ.

ಶ್ವಾಸಕೋಶದಲ್ಲಿ 3 ಸೆಂಟಿಮೀಟರ್‌ವರೆಗಿನ ದುಂಡಗಿನ ಚುಕ್ಕೆಗೆಲ್ಲ ನಾಡ್ಯೂಲ್ ಅಂತಲೇ ಬರೆಯುತ್ತಾರೆ. ಅದಕ್ಕಿಂತ ದೊಡ್ಡದಾದರೆ ಮಾಸ್. 5 ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಹೆಸರುಕಾಳು. ಅದು ಏನಾದರೂ ಆಗಿರಬಹುದು. ಯಾವಾಗಲೋ ಬಂದು ವಾಸಿಯಾದ ಸೋಂಕಿನ ಗುರುತು, ಶ್ವಾಸಕೋಶದೊಳಗಿನ ಒಂದು ಸಣ್ಣ ದುಗ್ಧರಸ ಗ್ರಂಥಿ (ಲಿಂಫ್ ನೋಡ್), ಹ್ಯಾಮರ್ಟೋಮ ಎಂಬ ನಿರಪಾಯದ ಬೆಳವಣಿಗೆ, ಅಪರೂಪಕ್ಕೆ ಕ್ಯಾನ್ಸರಿನ ಶುರು. ನಮ್ಮ ದೇಶದಲ್ಲಿ ಹಳೆಯ ಕ್ಷಯದ ಗುರುತು ತುಂಬಾ ಸಾಮಾನ್ಯ. ತನಗೆ ಕ್ಷಯ ಬಂದಿತ್ತು ಅಂತಲೇ ಗೊತ್ತಿಲ್ಲದವರಲ್ಲೂ ಅದು ಕಾಣುತ್ತದೆ. ಜಲ್ಲಿ ಕ್ರಷರಿನಲ್ಲಿ ತುಂಬಾ ವರ್ಷ ದುಡಿದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳಿನಿಂದಲೂ ಸಣ್ಣ ಸಣ್ಣ ಗಂಟುಗಳು ಆಗುತ್ತವೆ. ಹಾಗಾಗಿ ಡಾಕ್ಟರು "ಏನು ಕೆಲಸ ಮಾಡ್ತಾ ಇದ್ರಿ?" ಅಂತ ಕೇಳಿದರೆ ಈಗಿನ ಅಡಿಕೆ ತೋಟದ ಬಗ್ಗೆ ಮಾತ್ರ ಹೇಳಬೇಡಿ. 30 ವರ್ಷದ ಹಿಂದೆ ಮಾಡಿದ ಕೆಲಸ, ಗಲ್ಫಿನಲ್ಲಿ ಮಾಡಿದ ಕೆಲಸ, ಬೀಡಿ ಕಟ್ಟಿದ್ದು, ಸೇದಿದ್ದು, ಎಲ್ಲ ಹೇಳಿ.

ಇದು ಯಾವುದು ಅಂತ ಚಿತ್ರ ನೋಡಿಯೇ ಕೆಲವು ಸಲ ಹೇಳಬಹುದು. ಗಂಟಿನ ಪೂರ್ತಿ ಅಥವಾ ನಟ್ಟನಡುವೆ ಸುಣ್ಣ ಕಟ್ಟಿದ್ದರೆ ಅದು ಹಳೆಯ ಸೋಂಕಿನ ಗುರುತು, ಅಲ್ಲಿಗೆ ಮುಗಿಯಿತು. ವರದಿಯಲ್ಲಿ "ಕ್ಯಾಲ್ಸಿಫೈಡ್ ಗ್ರಾನುಲೋಮ" ಅಂತ ಇದ್ದರೆ ಅದೇ. ಗಂಟಿನೊಳಗೆ ಕೊಬ್ಬು ಕಂಡರೂ ಭಯವಿಲ್ಲ. ಅಂಚು ನಯವಾಗಿದ್ದರೆ ಒಳ್ಳೆಯದು, ಮುಳ್ಳುಮುಳ್ಳಾಗಿ ಸುತ್ತ ಚಾಚಿದ್ದರೆ ಜಾಗ್ರತೆ ಬೇಕು. ಮಬ್ಬುಮಬ್ಬಾಗಿ ಕಾಣುವ ಇನ್ನೊಂದು ಜಾತಿ ಇದೆ, ಅದಕ್ಕೆ ಗ್ರೌಂಡ್ ಗ್ಲಾಸ್ ಅನ್ನುತ್ತಾರೆ. ಅದು ಹೆಚ್ಚಿನ ಸಲ ತಾನಾಗಿಯೇ ಮಾಯವಾಗುತ್ತದೆ. ಹೋಗದೆ ಉಳಿದದ್ದು ತುಂಬಾ ನಿಧಾನವಾಗಿ ಬೆಳೆಯುವ ಜಾತಿಯದ್ದಾಗಿರಬಹುದು. ಹಾಗಾಗಿ 6 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ 5 ವರ್ಷದವರೆಗೂ ನೋಡುತ್ತಾ ಇರುತ್ತಾರೆ.

ಉಳಿದ ಗಟ್ಟಿ ಗಂಟುಗಳಿಗೆ ಫ್ಲೈಷ್ನರ್ ಸೊಸೈಟಿ ಎಂಬ ಎದೆಯ ಸ್ಕ್ಯಾನ್ ತಜ್ಞರ ಸಂಘ 2017ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಜಗತ್ತಿನ ಹೆಚ್ಚಿನ ಆಸ್ಪತ್ರೆಗಳು ನೋಡುತ್ತವೆ. ಅದರಲ್ಲಿ ಹೃದಯದ ಸ್ಕ್ಯಾನಿನ ಹಾಗೆ ಎದೆಯ ಒಂದು ಭಾಗ ಮಾತ್ರ ಸೆರೆಯಾದಾಗ ಏನು ಮಾಡಬೇಕು ಅಂತಲೂ ಹೇಳಿದೆ. 6 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಸಾಮಾನ್ಯವಾಗಿ ಮುಂದಿನ ಪರೀಕ್ಷೆಯೇ ಬೇಡ. ಅಷ್ಟು ಸಣ್ಣ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ 100ರಲ್ಲಿ 1ಕ್ಕಿಂತ ಕಡಿಮೆ. ತುಂಬಾ ಸೇದುವವರಿಗೆ, ಗಂಟಿನ ಆಕಾರ ಅನುಮಾನ ಹುಟ್ಟಿಸಿದರೆ, ಒಂದು ವರ್ಷ ಬಿಟ್ಟು ಒಮ್ಮೆ ನೋಡುವುದುಂಟು. 6ರಿಂದ 8 ಮಿಲಿಮೀಟರ್ ಆದರೆ ಕೆಲವು ತಿಂಗಳು ಬಿಟ್ಟು ಪೂರ್ತಿ ಎದೆಯ ಸಿಟಿ. 8ಕ್ಕಿಂತ ದೊಡ್ಡದಾದರೆ ತಡ ಮಾಡದೆ ಪೂರ್ತಿ ಎದೆಯ ಸಿಟಿ ಮಾಡಿಸಿ, ಅದನ್ನು ನೋಡಿಕೊಂಡು 3 ತಿಂಗಳು ಕಾಯಬೇಕೋ, ಪೆಟ್ ಸ್ಕ್ಯಾನ್ (ಚುರುಕಾಗಿರುವ ಗಂಟು ಹೊಳೆದು ಕಾಣುವ ಸ್ಕ್ಯಾನ್) ಬೇಕೋ, ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಬೇಕೋ ಅಂತ ತೀರ್ಮಾನಿಸುತ್ತಾರೆ. ಈ ಲೆಕ್ಕ ಎಲ್ಲರಿಗೂ ಅಲ್ಲ. 35 ವರ್ಷದೊಳಗಿನವರು, ಮೊದಲೇ ಕ್ಯಾನ್ಸರ್ ಇದ್ದವರು, ರೋಗನಿರೋಧಕ ಶಕ್ತಿ ಕುಂದಿದವರು ಇದರಿಂದ ಹೊರಗೆ. ಅವರ ವಿಷಯವನ್ನು ಡಾಕ್ಟರ್ ಬೇರೆಯಾಗಿಯೇ ನೋಡಬೇಕಾಗುತ್ತದೆ.

"ಕೆಲವು ತಿಂಗಳು ಬಿಟ್ಟು" ಅನ್ನುವುದು ಮನೆಯವರಿಗೆ ಸಹಿಸಲು ಕಷ್ಟವಾಗುವ ಮಾತು. "ಅಣ್ಣ, ಅಷ್ಟು ದಿನ ಯಾಕೆ ಕಾಯುವುದು? ಮುಂದಿನ ವಾರವೇ ಬೇರೆ ಕಡೆ ಇನ್ನೊಂದು ಸ್ಕ್ಯಾನ್ ಮಾಡಿಸಿಬಿಡುವ" ಅಂತ ತಮ್ಮ ಹೇಳುತ್ತಾನೆ. ಅವನ ಪ್ರೀತಿ ದೊಡ್ಡದು. ಆದರೆ ಆ ಸ್ಕ್ಯಾನಿನಿಂದ ಏನೂ ಗೊತ್ತಾಗುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

5 ಮಿಲಿಮೀಟರ್ ಅಗಲದ ದುಂಡು ಗಂಟಿನ ಗಾತ್ರ ಸುಮಾರು 65 ಘನ ಮಿಲಿಮೀಟರ್. ಅದು ಇಮ್ಮಡಿಯಾಗಿ 130 ಆಯಿತು ಅಂದುಕೊಳ್ಳಿ. ಆಗ ಅಗಲ 10 ಆಗುವುದಿಲ್ಲ. ಬರೀ 6.3 ಆಗುತ್ತದೆ. ಗಾತ್ರ ಇಮ್ಮಡಿಯಾದರೂ ಅಗಲದಲ್ಲಿ ಹೆಚ್ಚಾಗುವುದು ಸುಮಾರು ಕಾಲು ಭಾಗ ಮಾತ್ರ. ಸ್ಕ್ಯಾನಿನಲ್ಲಿ ಅಳೆಯುವಾಗ ಒಂದೂವರೆ ಮಿಲಿಮೀಟರ್ ಆಚೀಚೆ ಆಗುವುದು ಮಾಮೂಲಿ. ಉಸಿರು ಎಷ್ಟು ಎಳೆದುಕೊಂಡರು, ಯಾರು ಅಳೆದರು ಅನ್ನುವುದರಿಂದಲೂ ವ್ಯತ್ಯಾಸ ಬರುತ್ತದೆ. ಶ್ವಾಸಕೋಶದ ಗಟ್ಟಿ ಕ್ಯಾನ್ಸರ್ ಗಂಟು ಇಮ್ಮಡಿಯಾಗಲು ಸಾಮಾನ್ಯವಾಗಿ ಒಂದು ತಿಂಗಳಿಂದ 400 ದಿನದವರೆಗೆ ಬೇಕು. ಹಾಗಿದ್ದ ಮೇಲೆ ಒಂದು ವಾರದಲ್ಲಿ ಕಾಣುವ ವ್ಯತ್ಯಾಸ ಏನು? ಬರೀ ಅಳತೆಯ ಏರುಪೇರು. ಅದನ್ನೇ ಬೆಳೆದಿದೆ ಅಂತ ತಿಳಿದು ಹೆದರುವುದು, ಅಥವಾ ಕಡಿಮೆಯಾಗಿದೆ ಅಂತ ತಿಳಿದು ಮರೆತುಬಿಡುವುದು, ಎರಡೂ ತಪ್ಪೇ. ಇಲ್ಲಿ ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ. ಕಾಯುವುದೇ ಪರೀಕ್ಷೆ. ಬೆಳೆಯುತ್ತದೋ ಇಲ್ಲವೋ ಅನ್ನುವುದೇ ಆ ಗಂಟಿನ ಬಗ್ಗೆ ಸಿಗುವ ಅತಿ ದೊಡ್ಡ ಸುಳಿವು. ಗಟ್ಟಿ ಗಂಟು 2 ವರ್ಷ ಬೆಳೆಯದೆ ಹಾಗೇ ಇದ್ದರೆ ಅದನ್ನು ನಿರಪಾಯ ಅಂತ ಬಿಟ್ಟುಬಿಡುತ್ತಾರೆ.

ಈ ಮಾತು ಹಿಂದಕ್ಕೂ ಅನ್ವಯಿಸುತ್ತದೆ. ಮುಂದಿನ 2 ವರ್ಷ ಕಾಯುವ ಬದಲು ಹಿಂದಿನ 2 ವರ್ಷದ್ದು ಸಿಕ್ಕಿದರೆ? ನಿಮ್ಮ ಕಪಾಟು ತೆಗೆದು ನೋಡಿ. 2020, 2021ರ ಕೋವಿಡ್ ಸಮಯದಲ್ಲಿ ಎಷ್ಟೋ ಜನ ಎದೆಯ ಸಿಟಿ ಮಾಡಿಸಿಕೊಂಡಿದ್ದಾರೆ. ಆ ಸಿಡಿ, ಆ ಫಿಲ್ಮ್ ಇನ್ನೂ ಇರಬಹುದು. ಅದರಲ್ಲಿ ಇದೇ ಗಟ್ಟಿ ಗಂಟು ಇದೇ ಅಳತೆಯಲ್ಲಿ ಇದ್ದರೆ ವಿಷಯ ಅವತ್ತೇ ಮುಗಿಯಿತು. ಇಷ್ಟು ವರ್ಷ ಬೆಳೆಯದೆ ಇದ್ದದ್ದಕ್ಕೆ ಇನ್ನೊಂದು ಸ್ಕ್ಯಾನ್ ಬೇಕಾಗಿಲ್ಲ. ಗಲ್ಫಿನಲ್ಲಿ ಇದ್ದಾಗ ಯಾವುದಾದರೂ ಆಸ್ಪತ್ರೆಯಲ್ಲಿ ಸಿಟಿ ಮಾಡಿಸಿದ್ದರೆ ಅದನ್ನೂ ತರಿಸಿಕೊಳ್ಳಿ. ವೀಸಾಕ್ಕೆ ಅಂತ ತೆಗೆದ ಎಕ್ಸ್‌ರೇಯಿಂದ ಇಷ್ಟು ಉಪಯೋಗ ಆಗಲಿಕ್ಕಿಲ್ಲ. 1 ಸೆಂಟಿಮೀಟರ್‌ಗಿಂತ ಚಿಕ್ಕ ಗಂಟು, ಸುಣ್ಣ ಕಟ್ಟದೆ ಇದ್ದರೆ, ಎಕ್ಸ್‌ರೇಯಲ್ಲಿ ಕಾಣುವುದು ಕಷ್ಟ. ಆದರೂ ಎಸೆಯಬೇಡಿ, ತೋರಿಸಿ.

ಗಲ್ಫ್ ಅಂದಾಗ ಇನ್ನೊಂದು ಭಯದ ಬಗ್ಗೆಯೂ ಹೇಳಬೇಕು. ನಮ್ಮ ಊರಿನಲ್ಲಿ ಶ್ವಾಸಕೋಶದ "ಕಲೆ" ಅಂದರೆ ಕಾಯಿಲೆಗಿಂತ ಮೊದಲು ನೆನಪಾಗುವುದು ಮೆಡಿಕಲ್ ಅನ್‌ಫಿಟ್. ವಾಸಿಯಾದ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಕಂಡರೂ ಕೆಲಸದ ವೀಸಾ ಕೈತಪ್ಪಿದ್ದನ್ನು ಕಂಡವರು ನಾವು. ಆ ಭಯದಿಂದಲೇ ಕೆಲವರು ಇಂಥ ಸಾಲನ್ನು ಯಾರಿಗೂ ಹೇಳದೆ ಮುಚ್ಚಿಡುತ್ತಾರೆ. ವೀಸಾದ ನಿಯಮ ಬೇರೆ, ದೇಹದ ಸ್ಥಿತಿ ಬೇರೆ. ವಾಸಿಯಾದ ಹಳೆಯ ಕಲೆ ಯಾರಿಗೂ ಹರಡುವುದಿಲ್ಲ. ಅದರಿಂದ ಹೆಂಡತಿ ಮಕ್ಕಳಿಗೆ ಏನೂ ಆಗುವುದಿಲ್ಲ. ಕ್ಷಯ ಈಗಲೂ ಸಕ್ರಿಯವಾಗಿದೆಯೋ ಅಂತ ಅನುಮಾನ ಇದ್ದರೆ ಕಫ ಪರೀಕ್ಷೆ ಮಾಡಿಸಬಹುದು, ಸರಕಾರಿ ಆಸ್ಪತ್ರೆಯಲ್ಲಿ ಅದೂ ಔಷಧಿಯೂ ಉಚಿತ. ಪೆಟ್ ಸ್ಕ್ಯಾನಿನಲ್ಲಿ ಕ್ಷಯದ ಗಂಟು ಕೂಡ ಕ್ಯಾನ್ಸರಿನ ಹಾಗೆಯೇ ಹೊಳೆಯುತ್ತದೆ. ಹಾಗಾಗಿ "ಪೆಟ್‌ನಲ್ಲಿ ಹೊಳೆಯಿತು, ಕ್ಯಾನ್ಸರೇ" ಅಂತ ನಮ್ಮ ದೇಶದಲ್ಲಿ ಸುಲಭವಾಗಿ ಹೇಳುವ ಹಾಗಿಲ್ಲ.

ಎದೆನೋವಿನ ಉತ್ತರವೇ ಅಲ್ಲಿದ್ದರೆ

ಹೃದಯದ ಹೊರಗೆ ಕಂಡದ್ದೆಲ್ಲ ಬೇಡದ ಅತಿಥಿ ಅಂತ ತಿಳಿಯಬಾರದು. ಯಾವ ತೊಂದರೆಗೆ ಅಂತ ಸ್ಕ್ಯಾನಿಗೆ ಹೋದರೋ ಅದರ ಕಾರಣವೇ ಕೆಲವೊಮ್ಮೆ ಅಲ್ಲಿ ಸಿಗುತ್ತದೆ.

ಹಯಾಟಸ್ ಹರ್ನಿಯಾವನ್ನೇ ತೆಗೆದುಕೊಳ್ಳಿ. ಅನ್ನನಾಳ ವಪೆಯನ್ನು ದಾಟಿ ಬರುವ ರಂಧ್ರ ಸಡಿಲವಾಗಿ, ಜಠರದ ಮೇಲ್ಭಾಗ ಎದೆಯೊಳಗೆ ಸರಿಯುವುದು ಇದು. ಊಟ ಆದ ಮೇಲೆ ಎದೆ ಉರಿಯುತ್ತದೆ, ಮಲಗಿದರೆ ಎದೆ ಒತ್ತಿದ ಹಾಗೆ ಆಗುತ್ತದೆ. ಹಾರ್ಟಿನ ನೋವೋ ಗ್ಯಾಸೋ ಅಂತ ರೋಗಿಗೂ ಗೊತ್ತಾಗುವುದಿಲ್ಲ, ಒಮ್ಮೊಮ್ಮೆ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಎಕೋ ಮಾಡುವಾಗ ಇದು ಹೃದಯದ ಎಡ ಮೇಲ್ಕೋಣೆಯ ಹಿಂದೆ ಒಂದು ಗೆಡ್ಡೆ ಇದ್ದ ಹಾಗೆ ಕಾಣುವುದುಂಟು. ಆಗ ಕೆಲವು ಡಾಕ್ಟರುಗಳು ರೋಗಿಗೆ ಒಂದು ಸೋಡಾ ಕುಡಿಸಿ ಮತ್ತೆ ನೋಡುತ್ತಾರೆ. ಆ "ಗೆಡ್ಡೆ"ಯೊಳಗೆ ಗುಳ್ಳೆಗಳು ಓಡಾಡಿದರೆ ಅದು ಗೆಡ್ಡೆಯಲ್ಲ, ಜಠರ!

ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಗೋಡೆ ಸೀಳಿದ್ದು, ನ್ಯುಮೋನಿಯಾ, ಇವೂ ಎದೆನೋವಿನ ಹೆಸರಿನಲ್ಲಿ ಸ್ಕ್ಯಾನಿಗೆ ಬಂದು ಸಿಕ್ಕಿಬೀಳುತ್ತವೆ. ಮೊದಲಿನ ಎರಡರಲ್ಲಿ ವರದಿ ಮನೆಗೆ ಬರುವವರೆಗೆ ಕಾಯುವ ಪ್ರಶ್ನೆಯೇ ಇಲ್ಲ. ರೇಡಿಯಾಲಜಿಸ್ಟ್ ನೇರ ಫೋನ್ ಮಾಡಿ ಡಾಕ್ಟರಿಗೆ ತಿಳಿಸುತ್ತಾರೆ, ತಿಳಿಸಲೇಬೇಕು.

ಬೆನ್ನುಮೂಳೆಯ ವಿಷಯ ನನಗೆ ಹೇಳಲೇಬೇಕು ಅನಿಸುತ್ತದೆ, ಯಾಕೆಂದರೆ ಅದನ್ನು ಯಾರೂ ಗಮನಿಸುವುದಿಲ್ಲ. ವಯಸ್ಸಾದ ಹೆಂಗಸರ ಸ್ಕ್ಯಾನಿನಲ್ಲಿ ಒಂದು ಕಶೇರು (ಬೆನ್ನುಮೂಳೆಯ ಒಂದು ಮಣಿ) ಕುಸಿದು ಚಪ್ಪಟೆಯಾಗಿದೆ ಅಂತ ಬರೆದಿರುತ್ತಾರೆ. ಮನೆಯಲ್ಲಿ "ಅಜ್ಜಿಗೆ ವಯಸ್ಸಾಯ್ತಲ್ಲ, ಬೆನ್ನು ಬಾಗಿದೆ" ಅಂತ ಬಿಟ್ಟುಬಿಡುತ್ತೇವೆ. ಅದು ಮೂಳೆ ಟೊಳ್ಳಾಗುವ ಕಾಯಿಲೆಯ ಗುರುತು. ಒಂದು ಕಶೇರು ಹೀಗೆ ಮುರಿದವರಿಗೆ ಮುಂದೆ ಇನ್ನೊಂದು, ಅಥವಾ ಸೊಂಟದ ಮೂಳೆ, ಮುರಿಯುವ ಸಾಧ್ಯತೆ ಜಾಸ್ತಿ. ಅದಕ್ಕೆ ಒಳ್ಳೆಯ ಔಷಧಿ ಇದೆ. ಹೃದಯ ಸರಿ ಇದೆ ಅಂತ ತಿಳಿದ ಅದೇ ದಿನ ಅಜ್ಜಿಯ ಸೊಂಟವನ್ನು ಕಾಪಾಡುವ ದಾರಿಯೂ ಆ ಕಾಗದದಲ್ಲೇ ಇರುತ್ತದೆ. ಹೆಂಗಸರ ಸ್ಕ್ಯಾನಿನಲ್ಲಿ ಸ್ತನದ ಗಂಟು ಕಾಣುವುದೂ ಉಂಟು. ಸಿಟಿ ಅದಕ್ಕೆ ಸರಿಯಾದ ಪರೀಕ್ಷೆ ಅಲ್ಲ. ಕಂಡಿದೆ ಅಂತ ಬರೆದಿದ್ದರೆ ನಾಚಿಕೆ ಬಿಟ್ಟು ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕು. ಇದರಲ್ಲಿ ಕಾಯುವುದು ಬೇಡ.

ವಪೆಯ ಕೆಳಗೆ

ಲಿವರಿನ ನೀರುಗುಳ್ಳೆ, ಹಿಮಾಂಜಿಯೋಮ (ರಕ್ತನಾಳಗಳು ಸೇರಿ ಆದ ಗಂಟು), ಕಿಡ್ನಿಯ ಸಾದಾ ಸಿಸ್ಟ್ (ನೀರುಗುಳ್ಳೆ), ಇವು ಹೆಚ್ಚಿನ ಸಲ ಯಾವ ತೊಂದರೆಯೂ ಇಲ್ಲದೆ ಜೀವನಪೂರ್ತಿ ಹಾಗೇ ಇರುತ್ತವೆ. ಇವನ್ನು ಗುರುತಿಸಲು ಡಾಕ್ಟರುಗಳಿಗೆ ನೆರವಾಗುವುದು ಒಂದು ಸಂಖ್ಯೆ. ಸಿಟಿ ಯಂತ್ರ ಕಂಡುಹಿಡಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಹೆಸರಿನಲ್ಲಿ ಈ ಅಳತೆ ಇದೆ. ಅವರಿಗೂ ಅಲನ್ ಕಾರ್ಮಾಕ್ ಅವರಿಗೂ 1979ರಲ್ಲಿ ನೊಬೆಲ್ ಬಂತು. ಈ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000, ಕೊಬ್ಬು ಸುಮಾರು ಮೈನಸ್ 100, ಮೂಳೆ ನೂರಾರು. ಚುಕ್ಕೆಯ ಮೇಲೆ ಮೌಸ್ ಇಟ್ಟರೆ ಸಂಖ್ಯೆ ಬರುತ್ತದೆ. 0ಯ ಹತ್ತಿರ ಇದ್ದರೆ ಒಳಗಿರುವುದು ನೀರು.

ಇಲ್ಲೊಂದು ತೊಡಕು ಇದೆ. ಸಿಟಿ ಆಂಜಿಯೋದಲ್ಲಿ ರಕ್ತನಾಳ ಕಾಣಲಿ ಅಂತ ಡೈ ಕೊಟ್ಟಿರುತ್ತಾರೆ. ಡೈ ಸೇರಿದ ಮೇಲೆ ಸಂಖ್ಯೆಗಳೆಲ್ಲ ಏರುತ್ತವೆ. ಆದರೆ ಹೆಚ್ಚಿನ ಕಡೆ ಡೈ ಕೊಡುವ ಮೊದಲು ಕ್ಯಾಲ್ಸಿಯಂ ಸ್ಕೋರಿಗೆ (ಹೃದಯದ ರಕ್ತನಾಳದಲ್ಲಿ ಎಷ್ಟು ಸುಣ್ಣ ಕಟ್ಟಿದೆ ಅನ್ನುವ ಲೆಕ್ಕ) ಅಂತ ಒಂದು ಸಾದಾ ಸ್ಕ್ಯಾನ್ ತೆಗೆದಿರುತ್ತಾರೆ. ಅದರಲ್ಲಿ ಆ ಜಾಗ ಬಂದಿದ್ದರೆ ಅಳೆಯಬಹುದು. ಇದು ಮುಖ್ಯವಾಗುವುದು ಅಡ್ರಿನಲ್ ಗ್ರಂಥಿಯಲ್ಲಿ. ಕಿಡ್ನಿಯ ತಲೆಯ ಮೇಲೆ ಕೂತಿರುವ ಈ ಸಣ್ಣ ಗ್ರಂಥಿಯಲ್ಲಿ ಗಂಟು ಕಂಡು, ಡೈ ಇಲ್ಲದ ಚಿತ್ರದಲ್ಲಿ ಅದರ ಸಂಖ್ಯೆ 10 ಅಥವಾ ಅದಕ್ಕಿಂತ ಕಡಿಮೆ ಇದ್ದು, ಪೂರ್ತಿ ಒಂದೇ ತರ ಇದ್ದರೆ ಅದು ಕ್ಯಾನ್ಸರ್ ಅಲ್ಲ. ಹೀಗೆ ಹಳೆಯ ಚಿತ್ರವನ್ನೇ ಇನ್ನೊಮ್ಮೆ ನೋಡಿ ಹೊಸ ಸ್ಕ್ಯಾನಿನ ಖರ್ಚು ಉಳಿಸಬಹುದು. ಕೇಳಿದರೆ ತಪ್ಪೇನಿಲ್ಲ.

ಆದರೆ ಅಡ್ರಿನಲ್ ಗಂಟು ನಿರಪಾಯ ಅಂದ ಮಾತ್ರಕ್ಕೆ ಅಲ್ಲಿಗೆ ಬಿಡುವ ಹಾಗಿಲ್ಲ. ಆ ಗ್ರಂಥಿ ಹಾರ್ಮೋನು ತಯಾರಿಸುತ್ತದೆ. ಹೃದಯದ ಸ್ಕ್ಯಾನಿಗೆ ಹೋಗುವವರಲ್ಲಿ ಬಿಪಿ ಇರುವವರು ತುಂಬಾ ಜನ ಅಲ್ವಾ? ಮೂರು ಮೂರು ಮಾತ್ರೆ ತಿಂದರೂ ಬಿಪಿ ಇಳಿಯುವುದಿಲ್ಲ ಅನ್ನುವವರಲ್ಲಿ ಕೆಲವರ ಬಿಪಿಗೆ ಆ ಗಂಟೇ ಕಾರಣ ಆಗಿರುತ್ತದೆ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ. ಅಂಥ ಗಂಟಿಗೆ ಹಾರ್ಮೋನು ಪರೀಕ್ಷೆ ಮಾಡದೆ ಬಯಾಪ್ಸಿಗೆ ಅಂತ ಸೂಜಿ ಹಾಕಲೂಬಾರದು. ಒಂದು ಜಾತಿಯ ಗಂಟಿಗೆ ಸೂಜಿ ತಾಗಿದರೆ ಬಿಪಿ ಅಪಾಯದ ಮಟ್ಟಕ್ಕೆ ಏರುತ್ತದೆ.

ಫ್ಯಾಟಿ ಲಿವರ್ ಅಂತ ಬರೆದಿದ್ದರೆ "ಅದು ಎಲ್ಲರಿಗೂ ಇರುತ್ತದೆ" ಅಂತ ತಳ್ಳಿಹಾಕುವುದು ಈಗ ವಾಡಿಕೆ. ಎಲ್ಲರಿಗೂ ಇದೆ ಅನ್ನುವುದೇ ಚಿಂತೆಯ ವಿಷಯ. ಶುಗರ್, ಸೊಂಟದ ಸುತ್ತಳತೆ, ಕೊಲೆಸ್ಟರಾಲ್, ಹೃದಯ, ಎಲ್ಲ ಒಂದಕ್ಕೊಂದು ಸೇರಿದವು. ಇವತ್ತು ಬ್ಲಾಕ್ ಇಲ್ಲದವರಿಗೆ ಮುಂದೆ ಬರಬಾರದು ಅಂದರೆ ಗಮನ ಕೊಡಬೇಕಾದದ್ದು ಈ ಸಾಲಿಗೇ.

ಉಳಿದ ಸ್ಕ್ಯಾನುಗಳ ಬಗ್ಗೆ ಚುಟುಕಾಗಿ. ಹೃದಯದ ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಶುರುವಿನಲ್ಲಿ ಜಾಗ ಗುರುತಿಸಲು ತೆಗೆಯುವ ಚಿತ್ರಗಳಲ್ಲಿ ಎದೆಯೂ ಹೊಟ್ಟೆಯ ಮೇಲ್ಭಾಗವೂ ಬರುತ್ತವೆ, ಅಲ್ಲೇ ಸಿಸ್ಟ್, ನೀರು ತುಂಬಿದ್ದು ಇತ್ಯಾದಿ ಕಾಣುತ್ತದೆ. ಸಣ್ಣ ಶ್ವಾಸಕೋಶದ ಗಂಟು ಅದರಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಎಕೋದಲ್ಲಿ ಹೊಟ್ಟೆಯ ಮೇಲಿನಿಂದ ನೋಡುವಾಗ ಲಿವರ್ ಕಾಣುತ್ತದೆ. ಹೃದಯದ ನ್ಯೂಕ್ಲಿಯರ್ ಸ್ಕ್ಯಾನಿಗೆ ಕೊಡುವ, ಸ್ವಲ್ಪ ವಿಕಿರಣ ಸೂಸುವ ಸೆಸ್ಟಾಮಿಬಿ ಎಂಬ ಔಷಧಿ ಕೆಲವು ಸ್ತನದ ಗೆಡ್ಡೆಗಳಲ್ಲೂ ಶ್ವಾಸಕೋಶದ ಗೆಡ್ಡೆಗಳಲ್ಲೂ ಸೇರಿಕೊಳ್ಳುತ್ತದೆ. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಗೆಡ್ಡೆ ಹುಡುಕಲು ಅದೇ ಔಷಧಿಯನ್ನು ಬಳಸುತ್ತಾರೆ!

ಆ ಸಾಲು ಯಾರ ಜವಾಬ್ದಾರಿ?

ಜಾಸ್ತಿ ಪರೀಕ್ಷೆ ಮಾಡಿಸುವುದರಿಂದಲೂ ಹಾನಿ ಇದೆ. ಶ್ವಾಸಕೋಶಕ್ಕೆ ಸೂಜಿ ಹಾಕಿ ಬಯಾಪ್ಸಿ ಮಾಡಿದರೆ 100ರಲ್ಲಿ ಸುಮಾರು 15ರಿಂದ 25 ಮಂದಿಗೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುತ್ತದೆ. ಕೆಲವರಿಗೆ ಕೊಳವೆ ಹಾಕಿ ಆಸ್ಪತ್ರೆಯಲ್ಲಿ ಮಲಗಿಸಬೇಕಾಗುತ್ತದೆ. ಪ್ರಕೃತಿಯಿಂದಲೇ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ. ಮಾಮೂಲಿ ಎದೆಯ ಸಿಟಿ ಒಂದರಲ್ಲೇ ಅದರ ಎರಡು ಮೂರು ಪಟ್ಟು. ಗಂಟು ಬೆಳೆದಿದೆಯೋ ಅಂತ ನೋಡಲು ಮಾತ್ರ ಆದರೆ ಸುಮಾರು ಒಂದೂವರೆ ಮಿಲಿಸೀವರ್ಟಿನ ಲೋ ಡೋಸ್ ಸಿಟಿ ಸಾಕು, ಡೈ ಬೇಡ. ಬುಕ್ ಮಾಡುವಾಗಲೇ ಇದನ್ನು ಕೇಳಿ.

ಆದರೆ ನಮ್ಮ ಜಿಲ್ಲೆಯಲ್ಲಿ ನಾನು ಹೆಚ್ಚು ಹೆದರುವುದು ಮರೆತುಹೋಗುವ ಸಾಲಿಗೆ. ಅದು ಹೇಗೆ ಕಳೆದುಹೋಗುತ್ತದೆ ನೋಡಿ. ಸ್ಕ್ಯಾನ್ ಆದದ್ದು ಕರ್ನಾಟಕದಲ್ಲಿ. ವರದಿ ಇಂಗ್ಲಿಷಿನಲ್ಲಿ. ಹೃದಯದ ಡಾಕ್ಟರ್ ತನ್ನ ಪ್ರಶ್ನೆಗೆ ಉತ್ತರ ನೋಡಿ, ಹೃದಯದ ಮಾತ್ರೆ ಬರೆದು ಕಳಿಸುತ್ತಾರೆ. ಡಿಸ್ಚಾರ್ಜ್ ಕಾಗದದಲ್ಲಿ ಹೃದಯದ ಸಾಲುಗಳು ಮಾತ್ರ ಇರುತ್ತವೆ. ಬಿಪಿ, ಶುಗರ್ ಮಾತ್ರೆ ಪ್ರತಿ ತಿಂಗಳು ಸಿಗುವುದು ಇಲ್ಲಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ. ಅಲ್ಲಿನ ಚೀಟಿ ಮಲಯಾಳದಲ್ಲಿ. ಆ ಡಾಕ್ಟರಿಗೆ ಮಂಗಳೂರಿನ ಸ್ಕ್ಯಾನ್ ನೋಡಲು ಸಿಗುವುದೇ ಇಲ್ಲ. ಮಗ ಶಾರ್ಜಾದಲ್ಲಿ, ಅವನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದು ಮೊದಲ ಪುಟದ ಫೋಟೋ. ಯಾರೂ ತಪ್ಪು ಮಾಡಿಲ್ಲ, ಆದರೂ ಸಾಲು ಯಾರ ಕೈಗೂ ಸಿಗಲಿಲ್ಲ. ಕೆಲವು ತಿಂಗಳು ಬಿಟ್ಟು ನೋಡಬೇಕಾಗಿದ್ದ 7 ಮಿಲಿಮೀಟರಿನ ಗಂಟು 3 ವರ್ಷ ಆದ ಮೇಲೆ, ಕೆಮ್ಮು ಶುರುವಾದಾಗ, ನೆನಪಾದರೆ ಅದು ತುಂಬಾ ದುಃಖದ ವಿಷಯ.

ಹಾಗಾಗಿ ವರದಿ ಕೈಗೆ ಬಂದಾಗ ಕೊನೆಯ "ಇಂಪ್ರೆಶನ್" ಭಾಗ ಮಾತ್ರ ಓದಬೇಡಿ. ಹೃದಯದ ಹೊರಗಿನದ್ದು ಕೆಲವೊಮ್ಮೆ ಮೇಲಿನ "ಫೈಂಡಿಂಗ್ಸ್" ಭಾಗದಲ್ಲಿ ಮಾತ್ರ ಇದ್ದು, ಕೊನೆಯ ಸಾರಾಂಶಕ್ಕೆ ಬಂದಿರುವುದಿಲ್ಲ. ಅಂಥ ಸಾಲು ಕಂಡರೆ ಅದೇ ದಿನ, ಡಾಕ್ಟರ ಎದುರು ಕೂತಿರುವಾಗಲೇ ಬೆರಳಿಟ್ಟು ತೋರಿಸಿ. "ಡಾಕ್ಟ್ರೇ, ಇದಕ್ಕೆ ಏನಾದರೂ ಮಾಡಬೇಕಾ? ಯಾವಾಗ? ಯಾರಿಗೆ ತೋರಿಸಬೇಕು?" ಅಂತ ಕೇಳಿ. ಏನೂ ಬೇಡ ಅಂದರೆ ಏನೂ ಬೇಡ ಅಂತಲೇ ಬರೆಸಿಕೊಳ್ಳಿ. ಮತ್ತೆ ಸ್ಕ್ಯಾನ್ ಬೇಕು ಅಂದರೆ ತಿಂಗಳು, ವರ್ಷ ಬರೆಸಿಕೊಳ್ಳಿ. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಮುಂದಿನ ವರ್ಷದ ತಾರೀಕಾದರೆ ಮಕ್ಕಳ ಮೊಬೈಲಿನಲ್ಲಿ ಹಾಕಿಸಿ. ಮುಂದಿನ ಸಲ ಆರೋಗ್ಯ ಕೇಂದ್ರಕ್ಕೆ ಮಾತ್ರೆಗೆ ಹೋಗುವಾಗ ಆ ಪುಟದ ಪ್ರತಿ ಅಲ್ಲಿಯೂ ಕೊಡಿ.

ಸಿಡಿ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಕೆಲವು ಚಿತ್ರ ಮಾತ್ರ ಇರುತ್ತದೆ, ಸಿಡಿಯಲ್ಲಿ ಎಲ್ಲ ಇರುತ್ತದೆ. ಮುಂದಿನ ಸ್ಕ್ಯಾನ್ ಬೇರೆ ಆಸ್ಪತ್ರೆಯಲ್ಲಿ ಆದರೂ ಹೋಲಿಸಿ ನೋಡಲು ಅದೇ ಬೇಕು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ನಮ್ಮ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ದಾಖಲೆ ನಮ್ಮ ಕೈಯಲ್ಲೇ ಇದ್ದರೆ ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಕಣ್ಣೂರಿನಲ್ಲೋ ಯಾರ ಹತ್ತಿರವೂ ಮುಂದುವರಿಸಬಹುದು.

ಮೇಲೆ ಹೇಳಿದ ಕಾಯುವ ಲೆಕ್ಕವೆಲ್ಲ ಬೇರೆ ತೊಂದರೆ ಇಲ್ಲದವರಿಗೆ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಸಂಜೆ ಜ್ವರ, ಕುತ್ತಿಗೆಯಲ್ಲಿ ಗೆಡ್ಡೆ, ಸ್ವರ ಬದಲಾಗಿ ಹಾಗೇ ಉಳಿಯುವುದು, ಇವುಗಳಲ್ಲಿ ಯಾವುದು ಬಂದರೂ ಕ್ಯಾಲೆಂಡರಿನ ತಾರೀಕಿಗೆ ಕಾಯಬೇಡಿ. ಆ ವರದಿ, ಸಿಡಿ ಹಿಡಿದುಕೊಂಡು ಅದೇ ವಾರ ಡಾಕ್ಟರ ಹತ್ತಿರ ಹೋಗಿ.